ರೂಪಾಯಿ ನುಂಗುವ ಕುದುರೆಯ ಹೊಟ್ಟೆಯಲ್ಲಿ

ಜಾತ್ರೆ, ಅಂಗಡಿಗಳಲ್ಲಿ ಮಕ್ಕಳನ್ನು ಕೂರಿಸುವ, ರೂಪಾಯಿ ಹಾಕಿದರೆ ಕುಣಿಯುವ ಆಟದ ಕುದುರೆಯೊಳಗೆ ನಾಣ್ಯದ ಭಾರಕ್ಕೆ ಯಾವುದೋ ಸ್ಪ್ರಿಂಗ್ ಬಿಚ್ಚಿಕೊಳ್ಳುತ್ತದೆ ಎಂದು ನಂಬಿದವರು ಇನ್ನೂ ಇದ್ದಾರೆ. ಅದು ತಪ್ಪು. ಭಾರದಿಂದಲೇ ನಡೆಯುತ್ತಿದ್ದ ಯಂತ್ರ ಬೇರೆ: ಒಂದನೆಯ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಹೀರೋ ಎಂಬ ಯಂತ್ರಜ್ಞ ವಿವರಿಸಿದ ಗುಡಿಯ ತೀರ್ಥದ ಪೆಟ್ಟಿಗೆ. ನಾಣ್ಯ ತಟ್ಟೆಗೆ ಬಿದ್ದರೆ ಸನ್ನೆಕೋಲು ವಾಲಿ ನೀರು ಬರುತ್ತಿತ್ತು, ನಾಣ್ಯ ಜಾರಿದೊಡನೆ ನಿಲ್ಲುತ್ತಿತ್ತು. ಕುದುರೆಯಲ್ಲಿ ನಾಣ್ಯ ಬೀಳುವಾಗ ತೆಳು ತಂತಿಗೆ ತಾಗಿ ಸ್ವಿಚ್ಚು ಒತ್ತುತ್ತದೆ, ಅಷ್ಟೇ. ಮುಂದಿನದೆಲ್ಲ ಟೈಮರ್, ಮೋಟಾರಿನ ಕೆಲಸ.

1930ರಲ್ಲಿ ಅಮೆರಿಕದ ಮಿಸೌರಿಯ ಜೇಮ್ಸ್ ಓಟೋ ಹಾಸ್ ತನ್ನ ಮಕ್ಕಳಿಗೆ ಕ್ರಿಸ್‌ಮಸ್ ಉಡುಗೊರೆಯಾಗಿ ಮಾಡಿದ ಕುದುರೆಯೇ ಇವುಗಳ ಮೂಲ. ಮೊದಲು ಮರದ ಮೈ, ಆಮೇಲೆ ಅಲ್ಯೂಮಿನಿಯಂ ಎರಕ.

ಸೊಗಸೆಲ್ಲ ಇರುವುದು ಕ್ರ್ಯಾಂಕಿನಲ್ಲಿ, ಅಂದರೆ ತಿರುಗುವುದನ್ನು ಏರಿಳಿತವಾಗಿ ಬದಲಿಸುವ ಭಾಗದಲ್ಲಿ. ಮೋಟಾರಿಗೆ ಗೊತ್ತಿರುವುದು ಗರಗರ ತಿರುಗುವುದೊಂದೇ, ನಿಮಿಷಕ್ಕೆ ಸುಮಾರು 1440 ಸುತ್ತು. ಮೋಟಾರು 30 ಸುತ್ತು ತಿರುಗಿದರೆ 1 ಸುತ್ತು ಕೊಡುವ, ವೇಗ ತಗ್ಗಿಸುವ ವರ್ಮ್ ಗೇರ್‌ಬಾಕ್ಸ್ ಇಟ್ಟರೆ ಅದು 48ಕ್ಕೆ ಇಳಿಯುತ್ತದೆ. ಶಾಫ್ಟಿನ ನಡುವಿನಿಂದ 4 ಸೆಂ.ಮೀ. ಆಚೆ ಒಂದು ಪಿನ್ನು. ಅದಕ್ಕೆ ಸಿಕ್ಕಿಸಿದ ಸರಳು ಕುದುರೆಯನ್ನು 8 ಸೆಂ.ಮೀ. ಏರಿಸಿ ಇಳಿಸುತ್ತದೆ. ಹೊಲಿಗೆ ಯಂತ್ರದಲ್ಲಿ ಕಾಲು ಮೇಲೆ ಕೆಳಗೆ ಆಡಿದರೆ ಗಾಲಿ ತಿರುಗುತ್ತದಲ್ಲ, ಇದು ಅದರ ತಿರುವುಮುರುವು. ಕಲಬುರಗಿಯ ದಾಲ್ ಮಿಲ್ಲುಗಳಲ್ಲಿ ತೊಗರಿಯ ಜರಡಿ ಅಲ್ಲಾಡುವುದೂ ಇದೇ ವಿದ್ಯೆಯಿಂದ. ಕಾಳು ಜಿಗಿಯಬೇಕಾದ್ದರಿಂದ ಅಲ್ಲಿ ವೇಗ ಜಾಸ್ತಿ. ತೂಗುತೊಟ್ಟಿಲಿನ ಹಾಗೆ ಕುದುರೆಯೂ ತುದಿಯಲ್ಲಿ ತಡೆದು ನಡುವೆ ಓಡುತ್ತದೆ. ಏರಿಕೆಯ ತುದಿಯಲ್ಲಿ ಮಗುವಿಗೆ ತನ್ನ ತೂಕ ಹತ್ತರಲ್ಲೊಂದು ಪಾಲು ಇಳಿದಂತೆ ಆಗುತ್ತದೆ. "ಇನ್ನೊಂದ್ಸಲ ಕೂಡ್ತೀನಪ್ಪಾ" ಎಂಬ ಹಟವೆಲ್ಲ ಆ ಹಗುರಕ್ಕೇ! ಗೇರ್ ಬದಲಿಸಿ ವೇಗ ಇಮ್ಮಡಿ ಮಾಡಿದರೆ ಈ ಪರಿಣಾಮ ನಾಲ್ಮಡಿಯಾಗುತ್ತದೆ, ಕೂಸು ತಡಿಯಿಂದ ಜಾರುತ್ತದೆ. ಹಾಗೆ ಮಾಡಲೇಬಾರದು.

ಹಳೆಯ ನಾಣ್ಯಪೆಟ್ಟಿಗೆ ಕೈಕೊಡುವುದಕ್ಕೆ ಕಾರಣ ನಾಣ್ಯವೇ. 1975ರಿಂದ 1991ರವರೆಗಿನ ರೂಪಾಯಿ ತಾಮ್ರ-ನಿಕ್ಕಲ್ಲಿನದು, ಅಯಸ್ಕಾಂತಕ್ಕೆ ಅಂಟುತ್ತಿರಲಿಲ್ಲ. 1992ರಲ್ಲಿ ಬಂದದ್ದು ಅಂಟುವ ಸ್ಟೀಲು, 25 ಮಿ.ಮೀ.; 2011ರಲ್ಲಿ ಅದು 22 ಮಿ.ಮೀ.ಗೆ ಕುಗ್ಗಿ, ಹಳೆಯ ಅಳತೆಯ ಪೆಟ್ಟಿಗೆಗೆ ಹೊಂದದಾಯಿತು. ನಾಣ್ಯದ ಬದಲು ಯಾರಾದರೂ ಹಾಕುವ ಕಬ್ಬಿಣದ ವಾಷರ್ (ತೂತಿನ ಬಿಲ್ಲೆ) ಹಿಡಿಯಲೆಂದು ಇಟ್ಟ ಅಯಸ್ಕಾಂತ ಅಸಲಿ ರೂಪಾಯಿಯನ್ನೇ ಹಿಡಿದುಕೊಳ್ಳುತ್ತದೆ.

ಮೋಟಾರ್ ಗುಂಯ್ ಎನ್ನುತ್ತ ತಿರುಗದಿದ್ದರೆ ಮೊದಲು ಅದನ್ನು ತಿರುಗಲು ಹಚ್ಚುವ ಕೆಪಾಸಿಟರ್ ನೋಡಬೇಕು; ನಮ್ಮ ಕಡೆಯ ಬೇಸಿಗೆಯ ಝಳಕ್ಕೆ ಅದು ಬೇಗ ಸೊರಗುತ್ತದೆ. ಹಾಗೇ ಬಿಟ್ಟರೆ ಮೋಟಾರಿನ ವೈಂಡಿಂಗ್ (ಒಳಗಿನ ತಂತಿ ಸುರುಳಿ) ಸುಡುತ್ತದೆ. ಶರಣಬಸವೇಶ್ವರ ಜಾತ್ರೆಯ ಧೂಳು ಗ್ರೀಸಿಗೆ ಸೇರಿದರೆ ಅರ ಹಾಕಿದ ಹಾಗೆ ಬುಷ್, ಅಂದರೆ ಪಿನ್ನು ತಿರುಗುವ ಲೋಹದ ಬಳೆ, ಸವೆಯುತ್ತದೆ. ಆಗ ಗಡಿಯಾರ ಹಿಡಿದು ಸದ್ದು ಎಣಿಸಿ. ನಿಮಿಷಕ್ಕೆ 48 'ಟಕ್' ಬಂದರೆ ಕ್ರ್ಯಾಂಕ್ ಪಿನ್ನಿನ ಬುಷ್ ಹೋಗಿದೆ. ಎಣಿಸಲಾರದಷ್ಟು ಬಿರುಸಾದ ಗರಗರ ಇದ್ದರೆ ಕ್ರ್ಯಾಂಕ್ ಬಿಚ್ಚಬೇಡಿ, ಮೋಟಾರಿನ ಬೇರಿಂಗ್ ನೋಡಿ.