ಗ್ರೂಪ್‌ನಲ್ಲಿ 800 ಜನ ಇದ್ದಾರೆ, ಪಟ್ಟಿಯಲ್ಲಿ ಎಷ್ಟು ಜನ?

ಪ್ರಶ್ನೆ: ನಮ್ಮ ವಾರ್ಡ್‌ನಲ್ಲಿ ಪಕ್ಷ ಕಟ್ಟುವ ಕೆಲಸ ಎಲ್ಲಿಂದ ಶುರು ಮಾಡಬೇಕು? ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ ಈಗಲೇ 800 ಜನ ಇದ್ದಾರೆ.

ಬೂತ್‌ನ ಮತದಾರರ ಪಟ್ಟಿಯಿಂದ. ಎಷ್ಟು ಸಲ ಕೇಳಿದರೂ ಉತ್ತರ ಇದೇ. ಫ್ಲೆಕ್ಸ್, ಸದಸ್ಯತ್ವದ ರಸೀದಿ ಪುಸ್ತಕ, ಗಣೇಶನ ಪೆಂಡಾಲ್ ಎಲ್ಲ ಆಮೇಲೆ.

ಮೊದಲು ಆ 800ರ ವಿಷಯ. ಗ್ರೂಪ್‌ನಲ್ಲಿರುವವರೆಲ್ಲ ನಮ್ಮ ಓಟು ಎಂಬ ನಂಬಿಕೆ ಇದೆಯಲ್ಲ, ಬೆಂಗಳೂರಿನಲ್ಲಿ ಹೊಸ ತಂಡಗಳು ಮುಗ್ಗರಿಸುವುದೇ ಅಲ್ಲಿ. ಪಟ್ಟಿಯ ಪ್ರಿಂಟ್ ಇಟ್ಟುಕೊಂಡು ಒಂದೊಂದೇ ಹೆಸರು ತಾಳೆ ನೋಡಿ. ಕೆಲವರ ಓಟು ಮಂಡ್ಯ, ಹಾಸನ, ಕಲಬುರಗಿಯ ಊರಿನಲ್ಲೇ ಉಳಿದಿರುತ್ತದೆ. ಕೆಲವರದು ಹಿಂದಿನ ಬಾಡಿಗೆ ಮನೆಯ ವಿಳಾಸದಲ್ಲಿರುತ್ತದೆ. ಇನ್ನು ಕೆಲವರು ಮೇನ್ ರೋಡಿನ ಆಚೆ ಬದಿಯವರು, ಅದು ಬೇರೆ ವಾರ್ಡ್. "ನನ್ನ ಹತ್ರ ವೋಟರ್ ಐಡಿ ಇದೆಯಲ್ಲ" ಎನ್ನುವವರದ್ದು ಇನ್ನೊಂದು ಗುಂಪು. ಕಾರ್ಡ್ ಇರುವುದು ಗುರುತು ತೋರಿಸಲಿಕ್ಕೆ, ಓಟು ಹಾಕಿಸುವುದು ಪಟ್ಟಿಯಲ್ಲಿರುವ ಹೆಸರು. ಹೆಸರು ಬಿಟ್ಟುಹೋಗಿದ್ದರೆ ಕಾರ್ಡ್ ತೋರಿಸಿದರೂ ಮತಗಟ್ಟೆಯಿಂದ ವಾಪಸ್ ಬರಬೇಕು. ಹೆಸರಿದ್ದು ಕಾರ್ಡ್ ಕಳೆದಿದ್ದರೆ ಆಧಾರ್ ತೋರಿಸಿ ಓಟು ಹಾಕಬಹುದು. ಮತದಾನದ ಬೆಳಿಗ್ಗೆ ಬೂತ್ ಮುಂದೆ ನಿಂತು ಇದನ್ನು ವಿವರಿಸುವ ಹೊತ್ತಿಗೆ ಆ ಓಟು ಹೋಗಿರುತ್ತದೆ.

ಪಕ್ಷದ ಆಫೀಸಿನಲ್ಲಿರುವ ಹಳೆಯ ಪಟ್ಟಿಯನ್ನೂ ನಂಬಬೇಡಿ. 2015ರ ಬಿಬಿಎಂಪಿ ಚುನಾವಣೆ ನಡೆದದ್ದು 198 ವಾರ್ಡ್‌ಗಳ ಲೆಕ್ಕದಲ್ಲಿ. 2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಐದು ನಗರ ಪಾಲಿಕೆಗಳಾಯಿತು, ವಾರ್ಡ್‌ಗಳ ಗಡಿ ಹೊಸದಾಗಿ ಬಿತ್ತು. ಹಳೆಯ ವಾರ್ಡ್ ನಂಬರ್ ಹಿಡಿದು ಹೊರಟರೆ ಪಕ್ಕದ ವಾರ್ಡಿನ ಬೀದಿಗಳಲ್ಲಿ ಬೆವರು ಸುರಿಸಿ ಬರುತ್ತೀರಿ.

ಕೆಲಸದ ಲೆಕ್ಕ ಸರಳ. ಪಟ್ಟಿಯ ಒಂದು ತುಂಬಿದ ಪುಟದಲ್ಲಿ 30 ಹೆಸರು. 1,000 ಹೆಸರಿನ ಬೂತ್ ಎಂದರೆ 34 ಪುಟ. ಅದೇ ಬೀದಿಯಲ್ಲಿ ವಾಸವಿರುವ ಒಬ್ಬೊಬ್ಬರಿಗೆ ಮೂರು ಪುಟ ಕೊಟ್ಟರೆ 12 ಜನ ಸಾಕು. ಹೊರಗಿನವರಿಗೆ ಪುಟ ಕೊಡಬೇಡಿ, ಅಪಾರ್ಟ್‌ಮೆಂಟ್ ಗೇಟಿನಲ್ಲೇ ಸೆಕ್ಯುರಿಟಿಯವರು ನಿಲ್ಲಿಸುತ್ತಾರೆ. ಸಂಜೆ ಏಳರಿಂದ ಒಂಬತ್ತು ಅಥವಾ ಭಾನುವಾರ ಬೆಳಿಗ್ಗೆ ಹೋಗಿ, ಪ್ರತಿ ಹೆಸರಿನ ಮುಂದೆ ಬರೆಯಿರಿ: ಇದ್ದಾರೆ, ಮನೆ ಬಿಟ್ಟಿದ್ದಾರೆ, ತೀರಿಕೊಂಡಿದ್ದಾರೆ. ಮನೆಯಲ್ಲಿದ್ದೂ ಪಟ್ಟಿಯಲ್ಲಿಲ್ಲದವರ ಹೆಸರು ಪುಟದ ಹಿಂಬದಿಗೆ.

ಆ ಹಿಂಬದಿಯೇ ನಿಮ್ಮ ಪಕ್ಷದ ಬಂಡವಾಳ. ಮೊದಲ ಸಲ ಪಟ್ಟಿಗೆ ಸೇರುವವರಿಗೆ ನಮೂನೆ 6ರ ಅರ್ಜಿ, ವಿಳಾಸ ಬದಲಾವಣೆ ಮತ್ತು ತಿದ್ದುಪಡಿಗೆ ನಮೂನೆ 8. ಬಾಡಿಗೆದಾರರು ಸಿಕ್ಕಿಕೊಳ್ಳುವುದು ವಿಳಾಸದ ಪುರಾವೆಯಲ್ಲಿ. ನಮೂನೆ ಕೇಳುವುದು ನೋಂದಾಯಿತ ಬಾಡಿಗೆ ಕರಾರು. ನಮ್ಮಲ್ಲಿ ಬಹುತೇಕರ ಕೈಲಿರುವುದು ಸ್ಟಾಂಪ್ ಪೇಪರಿನ 11 ತಿಂಗಳ ಅಗ್ರಿಮೆಂಟ್. ಈಗಿನ ವಿಳಾಸವಿರುವ ಬ್ಯಾಂಕ್ ಪಾಸ್‌ಬುಕ್, ಆಧಾರ್ ಅಥವಾ ವರ್ಷ ತುಂಬಿದ ಗ್ಯಾಸ್, ಕರೆಂಟ್ ಬಿಲ್ ನಡೆಯುತ್ತದೆ. ಯಾವುದೂ ಇಲ್ಲದಿದ್ದರೆ ಸ್ಥಳ ಪರಿಶೀಲನೆ ಆಗಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಮಾನ್ಯತೆ ಪಡೆದ ಪಕ್ಷದ ಬೂತ್ ಏಜೆಂಟ್, ಅಂದರೆ ಬಿಎಲ್‌ಎ, ಸಾಮಾನ್ಯ ದಿನಗಳಲ್ಲಿ ದಿನಕ್ಕೆ 10 ಅರ್ಜಿಗಿಂತ ಹೆಚ್ಚು ಬಿಎಲ್‌ಒ, ಅಂದರೆ ಬೂತ್ ಮಟ್ಟದ ಚುನಾವಣಾ ಅಧಿಕಾರಿಯ ಕೈಗೆ ಕೊಡುವಂತಿಲ್ಲ. ಚುನಾವಣೆ ಘೋಷಣೆಯಾದ ಮೇಲೆ ಓಡಾಡುವವರು ಸೋಲುವುದು ಈ ಲೆಕ್ಕದಲ್ಲಿ.

ಯಾರೂ ನೇರವಾಗಿ ಕೇಳದ, ಆದರೆ ಎಲ್ಲ ಬೂತ್‌ನಲ್ಲೂ ಏಳುವ ಪ್ರಶ್ನೆ ಒಂದಿದೆ: ಊರಲ್ಲೂ ಒಂದು, ಇಲ್ಲೂ ಒಂದು ಓಟು ಇಟ್ಟುಕೊಂಡರೆ ಏನು? ಕಾನೂನಿನಲ್ಲಿ ಅದಕ್ಕೆ ಜಾಗವಿಲ್ಲ. ಊರಲ್ಲಿ ಹೆಸರಿರುವವರಿಗೆ ನಮೂನೆ 6 ತುಂಬಿಸಿದರೆ ಬೇರೆಲ್ಲೂ ಹೆಸರಿಲ್ಲ ಎಂಬ ಸುಳ್ಳು ಘೋಷಣೆಗೆ ಅವರ ಕೈಯಲ್ಲಿ ಸಹಿ ಹಾಕಿಸಿದಂತೆ. 1950ರ ಪ್ರಜಾಪ್ರತಿನಿಧಿತ್ವ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಜೈಲು, ದಂಡ, ಅಥವಾ ಎರಡೂ. ನಿಮ್ಮನ್ನು ನಂಬಿ ಬಾಗಿಲು ತೆರೆದವರನ್ನು ಅಲ್ಲಿಗೆ ತಳ್ಳಬೇಡಿ. ಅವರಿಗೆ ಬೇಕಿರುವುದು ನಮೂನೆ 8. ಊರಿನ ಓಟು ಬಿಡಲು ಮನಸ್ಸಿಲ್ಲದಿದ್ದರೆ ಪುಟದಲ್ಲಿ "ಓಟು ಊರಲ್ಲಿ" ಎಂದು ಬರೆದು ಮುಂದಿನ ಮನೆಗೆ ಹೋಗಿ.