ಹೊಸ ಹಿಂಚಕ್ರ ಹಾಕಿದ ಮೇಲೆ ಗೇರ್ ಹೊಂದಿಸುವುದು

ಸೈಕಲ್ಲಿನ ಹಿಂದಿನ ಚಕ್ರ ಬದಲಾದ ಕೂಡಲೇ ಗೇರ್ ಕಟಕಟ ಅನ್ನತೊಡಗಿದರೆ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಕೆಟ್ಟಿತು ಅಂದುಕೊಳ್ಳಬೇಡಿ. ಅದು ಇದ್ದಲ್ಲೇ ಇದೆ. ಜಾಗ ಬದಲಿಸಿದ್ದು ಹಲ್ಲುಚಕ್ರಗಳು. ಹಳೆ ಹಬ್‌ಗೂ (ಚಕ್ರದ ನಡುಭಾಗ) ಹೊಸದಕ್ಕೂ ಅರ್ಧ ಮಿಲಿಮೀಟರ್ ಹೆಚ್ಚುಕಮ್ಮಿ ಆದರೂ ತೊಂದರೆ ಶುರು. ಶಿಮಾನೊ ಕಂಪನಿಯ 8 ಸ್ಪೀಡ್ ಕ್ಯಾಸೆಟ್‌ನಲ್ಲಿ (ಅಂದರೆ 8 ಹಲ್ಲುಚಕ್ರಗಳ ಗೊಂಚಲಿನಲ್ಲಿ) ಒಂದು ಹಲ್ಲುಚಕ್ರದ ನಡುವಿನಿಂದ ಪಕ್ಕದ್ದರ ನಡುವಿಗೆ 4.8 ಮಿ.ಮೀ., 9ರಲ್ಲಿ 4.35, 10ರಲ್ಲಿ 3.95 ಅಷ್ಟೇ. ಹಾಗಾಗಿ ಸ್ಪೀಡ್ ಹೆಚ್ಚಾದಷ್ಟೂ ಸಣ್ಣ ವ್ಯತ್ಯಾಸವೂ ಕಾಟ ಕೊಡುತ್ತದೆ.

ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಹಲ್ಲುಚಕ್ರಗಳನ್ನು ಎಣಿಸಿ. ಹ್ಯಾಂಡಲ್ ಮೇಲಿರುವುದು 7ರ ಶಿಫ್ಟರ್ (ಗೇರ್ ಬದಲಿಸುವ ಹಿಡಿ), ಚಕ್ರದ ಜೊತೆ ಬಂದದ್ದು 8ರ ಕ್ಯಾಸೆಟ್ ಆದರೆ ಹೆಜ್ಜೆಗೆ 0.2 ಮಿ.ಮೀ. ತಪ್ಪುತ್ತ ಹೋಗಿ, ಕೊನೆಗೆ 1.2 ಮಿ.ಮೀ. ಆಗುತ್ತದೆ. ಒಂದು ತುದಿ ಸರಿಮಾಡಿದರೆ ಇನ್ನೊಂದು ತುದಿ ಕೆಡುತ್ತದೆ. 8 ಅಥವಾ 9ರ ಹಬ್ ಮೇಲೆ 7ರ ಕ್ಯಾಸೆಟ್ ಕೂರಿಸುವುದಾದರೆ ಹಿಂದೆ 4.5 ಮಿ.ಮೀ. ಸ್ಪೇಸರ್ (ಜಾಗ ತುಂಬುವ ಬಳೆ) ಬೇಕೇ ಬೇಕು. ಕ್ಯಾಸೆಟ್ ಕೈಗೆ ಅಲ್ಲಾಡಿದರೆ ಸ್ಪೇಸರ್ ಬಿಟ್ಟುಹೋಗಿದೆ ಅಥವಾ ಕ್ಯಾಸೆಟ್ ಹಿಡಿದಿಡುವ ಲಾಕ್‌ರಿಂಗ್ ಸಡಿಲವಾಗಿದೆ. ಲಾಕ್‌ರಿಂಗಿಗೆ 40 ನ್ಯೂಟನ್ ಮೀಟರ್ ಬಿಗಿ ಬೇಕು.

ಚಕ್ರ ಕೂರಿಸುವಾಗ ಸೈಕಲ್ ನೆಲದ ಮೇಲೆ ನೆಟ್ಟಗೆ ನಿಂತಿರಲಿ. ತಲೆಕೆಳಗು ಮಾಡಿ ಬಿಗಿದರೆ ಆಕ್ಸಲ್ ಒಂದು ಬದಿ ಪೂರ್ತಿ ಕೂರದೆ ಉಳಿಯಬಹುದು. ಎಷ್ಟೋ ಗೇರ್ ದೂರುಗಳು ಇಲ್ಲಿಗೇ ಮುಗಿಯುತ್ತವೆ.

ಆಮೇಲೆ ಲಿಮಿಟ್ ಸ್ಕ್ರೂಗಳು, ಅಂದರೆ ಡಿರೇಲರ್ ಎರಡೂ ತುದಿಗಳಲ್ಲಿ ಎಷ್ಟು ದೂರ ಸರಿಯಬಹುದೆಂದು ತಡೆಯುವ ತಿರುಪುಗಳು. ಚೈನು ಅತಿ ಚಿಕ್ಕ ಹಲ್ಲುಚಕ್ರದಲ್ಲಿರುವಾಗ ಹಿಂದಿನಿಂದ ನೋಡಿ: ಡಿರೇಲರ್‌ನ ಮೇಲಿನ ಪುಟ್ಟ ಗಾಲಿ ಆ ಹಲ್ಲುಚಕ್ರದ ಹೊರ ಅಂಚಿನ ನೇರಕ್ಕೆ ಬರಬೇಕು. ಅದು ಹೆಚ್ (H) ಸ್ಕ್ರೂ ಕೆಲಸ. ಎಲ್ (L) ಸ್ಕ್ರೂ ವಿಷಯದಲ್ಲಿ ಮಾತ್ರ ಉದಾಸೀನ ಬೇಡ. ಅತಿ ದೊಡ್ಡ ಹಲ್ಲುಚಕ್ರಕ್ಕೆ ಹಾಕಿ, ಪೆಡಲ್ ತಿರುಗಿಸುತ್ತ ಡಿರೇಲರನ್ನು ಕೈಯಿಂದಲೇ ಕಡ್ಡಿಗಳ ಕಡೆ ಒತ್ತಿ. ಚೈನು ಆಚೆ ಜಾರಬಾರದು. ಜಾರುವಂತಿದ್ದರೆ ಎಲ್ ಸ್ಕ್ರೂವನ್ನು ಪ್ರದಕ್ಷಿಣವಾಗಿ ಕಾಲು ಸುತ್ತು ಬಿಗಿಯಿರಿ. ಸೋಮೇಶ್ವರದಿಂದ ಆಗುಂಬೆಯ 14 ತಿರುವು ಹತ್ತುವವರು ಹೆಚ್ಚು ಹೊತ್ತು ಇರುವುದು ಈ ಗೇರಿನಲ್ಲೇ. ಅಲ್ಲಿ ಚೈನು ಒಳಗೆ ಬಿದ್ದರೆ ಕಡ್ಡಿ, ಹ್ಯಾಂಗರ್ (ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ತುಂಡು), ಡಿರೇಲರ್ ಮೂರೂ ಹೋಗಬಹುದು.

ಇನ್ನು ಕೇಬಲ್ ಬಿಗಿ. ಚಿಕ್ಕದರಿಂದ ಎರಡನೆಯದಕ್ಕೆ ಒಂದೇ ಕ್ಲಿಕ್ ಹಾಕಿ. ಚೈನು ಏರಲು ಹಿಂದೇಟು ಹಾಕಿದರೆ ಕೇಬಲ್ ಸಡಿಲ: ಬ್ಯಾರೆಲ್ ಅಡ್ಜಸ್ಟರನ್ನು (ಕೇಬಲ್ ಬಿಗಿ ಹೊಂದಿಸುವ, ಕೈಯಿಂದ ತಿರುಗಿಸುವ ತಿರುಪು) ಅಪ್ರದಕ್ಷಿಣವಾಗಿ ಕಾಲು ಸುತ್ತು ಬಿಚ್ಚಿ. ಮೂರನೆಯದಕ್ಕೆ ಉಜ್ಜಿ ಸದ್ದು ಮಾಡಿದರೆ ಬಿಗಿ ಹೆಚ್ಚಾಗಿದೆ, ಉಲ್ಟಾ ತಿರುಗಿಸಿ. ಬರೀ ಚಕ್ರ ಬದಲಾಗಿದ್ದರೆ ಒಂದು ಸುತ್ತಿನೊಳಗೇ ಸರಿಹೋಗುವುದು ರೂಢಿ. ಎರಡು ಮೂರು ಸುತ್ತಿಗೂ ಜಗ್ಗದಿದ್ದರೆ ತಿರುಗಿಸುವುದನ್ನು ನಿಲ್ಲಿಸಿ. ದೋಷ ಬೇರೆ ಕಡೆ ಇದೆ.

ದೊಡ್ಡದಕ್ಕೆ ಸಲೀಸಾಗಿ ಏರಿ, ಚಿಕ್ಕದಕ್ಕೆ ಇಳಿಯುವಾಗ ತಡಮಾಡಿದರೆ ಕೇಬಲ್ ಒಳಗೆ ಹಿಡಿತವಿದೆ. ಮಲೆನಾಡಿನಲ್ಲಿ ಮಳೆಗಾಲ ಕಳೆದ ಸೈಕಲ್‌ಗಳಲ್ಲಿ ಇದು ಮಾಮೂಲು. ಡಿರೇಲರ್ ಹತ್ತಿರದ ಕೊನೆಯ ಬಾಗಿನಲ್ಲಿ ನೀರು, ಕೆಂಪು ಕೆಸರು ಸೇರಿ ತುಕ್ಕು ಹಿಡಿಯುತ್ತದೆ. ದೊಡ್ಡ ಹಲ್ಲುಚಕ್ರಕ್ಕೆ ಹಾಕಿ ಚಕ್ರ ನಿಲ್ಲಿಸಿ, ಪೆಡಲ್ ಮುಟ್ಟದೆ ಶಿಫ್ಟರನ್ನು ಚಿಕ್ಕದಕ್ಕೆ ಇಳಿಸಿದರೆ ಕೇಬಲ್ ಜೋತು ಬೀಳುತ್ತದೆ. ಫ್ರೇಮಿನ ಸ್ಟಾಪ್‌ಗಳಲ್ಲಿ (ಕೇಬಲ್ಲಿನ ಹೊರಕವಚದ ತುದಿ ಕೂರುವ ಜಾಗ) ಸೀಳು ಇದ್ದರೆ ಹೊರಕವಚವನ್ನು ಅಲ್ಲಿಂದ ಬಿಡಿಸಿ ಸರಿಸಿ ನೋಡಬಹುದು. ತುಕ್ಕು ಕಂಡರೆ ಎಣ್ಣೆ ಬಿಡುವುದು ನಾಲ್ಕು ದಿನದ ಮಾತು, ಒಳಗಿನ ತಂತಿ, ಹೊರಕವಚ ಎರಡೂ ಬದಲಿಸುವುದೇ ವಾಸಿ. ಬ್ರೇಕಿನ ಹೊರಕವಚ ಹಾಕಬೇಡಿ. ಅದರ ಸುರುಳಿ ತಂತಿ ಅದುಮಿಕೊಂಡು ಕ್ಲಿಕ್‌ನ ಅಳತೆಯನ್ನೇ ನುಂಗುತ್ತದೆ.

ಚಿಕ್ಕ ಹಲ್ಲುಚಕ್ರಗಳಲ್ಲಿ ಸರಿಯಿದ್ದು ದೊಡ್ಡವುಗಳಲ್ಲಿ ಮಾತ್ರ ಗೊಣಗಿದರೆ ಹ್ಯಾಂಗರ್ ಬಾಗಿರುವ ಸಾಧ್ಯತೆ ಹೆಚ್ಚು. ಅಳೆಯುವ ಗೇಜ್ ಇರುವ ಅಂಗಡಿಯಲ್ಲೇ ನೆಟ್ಟಗೆ ಮಾಡಿಸಿ.

ಶಿವಮೊಗ್ಗದೊಳಗಿನ ಸಮತಟ್ಟು ರಸ್ತೆಯಲ್ಲಿ ಎಲ್ಲ ಸರಿಯಿದ್ದು, ತೀರ್ಥಹಳ್ಳಿ ಕಡೆಯ ಏರಿನಲ್ಲಿ ನಿಂತು ತುಳಿದಾಗ ಚೈನು ಹಲ್ಲು ಬಿಟ್ಟು ಹಾರಿದರೆ ಹೊಂದಾಣಿಕೆಯನ್ನು ದೂರಬೇಡಿ. ಹೊಸ ಕ್ಯಾಸೆಟ್ ಮೇಲೆ ಸವೆದ ಚೈನು ಕೂರುವುದಿಲ್ಲ. ಸ್ಕೇಲ್ ಇಟ್ಟು 12 ಪೂರ್ತಿ ಜೋಡಿ ಕೊಂಡಿ ಅಳೆಯಿರಿ: ಹೊಸದಾದರೆ 304.8 ಮಿ.ಮೀ. ಇರುತ್ತದೆ. 306.4 ಮುಟ್ಟಿದ್ದರೆ ಚೈನು ಬದಲಿಸಿ, ಹೊಸ ಚೈನಿನ ಮೇಲೆ ಬ್ಯಾರೆಲ್ ಇನ್ನೊಮ್ಮೆ ನೋಡಿಕೊಳ್ಳಿ.