ಲೂಸ್ ಮೋಷನ್ ಆದರೆ ಮೆಟ್ರೋಜಿಲ್ ನುಂಗಬಹುದೇ?

ಪ್ರಶ್ನೆ: ನಿನ್ನೆಯಿಂದ ನೀರಿನಂತೆ ಭೇದಿ. ಮನೆಯಲ್ಲಿ ಹಳೇ ಮೆಟ್ರೋಜಿಲ್ 400 ಸ್ಟ್ರಿಪ್‌ನಲ್ಲಿ ನಾಲ್ಕು ಮಾತ್ರೆ ಉಳಿದಿವೆ. ನುಂಗಿದರೆ ಬೇಗ ನಿಲ್ಲುತ್ತದೆಯೇ?

ಉತ್ತರ: ಬರೀ ನೀರುನೀರಾಗಿ ಹೋಗುತ್ತಿದ್ದರೆ ಬೇಡ. ಇಂಥ ಭೇದಿಗೆ ಹೆಚ್ಚಿನ ಸಲ ವೈರಸ್ ಕಾರಣ, ಅದಕ್ಕೆ ಈ ಮಾತ್ರೆ ನಾಟುವುದೇ ಇಲ್ಲ. ಎರಡು ಮೂರು ದಿನಕ್ಕೆ ತಾನಾಗಿ ನಿಲ್ಲುವ ಭೇದಿಯನ್ನು ಮಾತ್ರೆ ನಿಲ್ಲಿಸಿತು ಅಂದುಕೊಳ್ಳುತ್ತೇವೆ. ಮೆಟ್ರೋಜಿಲ್‌ಗೆ ಇಷ್ಟು ಹೆಸರು ಬಂದಿದ್ದರಲ್ಲಿ ಅರ್ಧ ಹೀಗೆ.

ಇದರಲ್ಲಿರುವ ಔಷಧ ಮೆಟ್ರೊನಿಡಜೋಲ್. ನುಂಗಿದ ರೂಪದಲ್ಲಿ ಅದು ಏನನ್ನೂ ಕೊಲ್ಲದು. ಆಮ್ಲಜನಕವಿಲ್ಲದೆ ಬದುಕುವ ಜೀವಿಯ ಒಳಹೊಕ್ಕರೆ ಆ ಜೀವಿಯೇ ಅದನ್ನು ವಿಷವಾಗಿ ಮಾರ್ಪಡಿಸಿಕೊಳ್ಳುತ್ತದೆ. ಆ ವಿಷ ಡಿಎನ್‌ಎ ಎಳೆಗಳನ್ನು ಕತ್ತರಿಸುತ್ತದೆ. ಅಮೀಬಾ, ಜಿಯಾರ್ಡಿಯಾ ಎಂಬ ಕರುಳಿನ ಏಕಕೋಶ ಪರಾವಲಂಬಿಗಳು, ವಸಡಿನ ಕೀವಿನಲ್ಲಿರುವ ಹಲವು ಬ್ಯಾಕ್ಟೀರಿಯಾ ಸಾಯುವುದು ಹೀಗೆ. ಇ. ಕೋಲೈ, ಶಿಗೆಲ್ಲಾ, ಕಾಲರಾ ಬ್ಯಾಕ್ಟೀರಿಯಾಗಳು ಆಮ್ಲಜನಕವಿದ್ದರೂ ಬದುಕುವ ಜಾತಿಯವು, ಇದಕ್ಕೆ ಬಗ್ಗುವುದಿಲ್ಲ. ಹಾಗಾಗಿ ರಕ್ತ ಕಂಡ ಕೂಡಲೇ ಅಮೀಬಾ ಎಂದು ತೀರ್ಮಾನಿಸುವುದೂ ತಪ್ಪು; ರಕ್ತಭೇದಿಗೆ ಶಿಗೆಲ್ಲಾವೇ ಹೆಚ್ಚು ಕಾರಣ, ಅದಕ್ಕೆ ಬೇರೆ ಔಷಧ ಬೇಕು. ಮಲ ಪರೀಕ್ಷೆಗೆ ತಾಜಾ ಸ್ಯಾಂಪಲ್ ಅರ್ಧ ಗಂಟೆಯೊಳಗೆ ಲ್ಯಾಬ್ ಸೇರಬೇಕು. ತಡವಾದರೆ ಚಲಿಸುವ ಅಮೀಬಾ ಸತ್ತು ಕಣ್ಣಿಗೆ ಬೀಳುವುದಿಲ್ಲ.

ಅಮೀಬಾದ ಆಮಶಂಕೆ ಎಂದು ಖಚಿತವಾದರೆ ದೊಡ್ಡವರಿಗೆ ಸಾಮಾನ್ಯವಾಗಿ 800 ಮಿ.ಗ್ರಾಂನಂತೆ ದಿನಕ್ಕೆ ಮೂರು ಸಲ, 5 ದಿನ ಬರೆಯುತ್ತಾರೆ. ಜಿಯಾರ್ಡಿಯಾಕ್ಕೆ 400 ಮಿ.ಗ್ರಾಂ, ಮೂರು ಸಲ, 5 ದಿನ. ನಿಮ್ಮ ನಾಲ್ಕು ಮಾತ್ರೆ ಆಮಶಂಕೆಯ ಒಂದು ದಿನದ ಡೋಸಿಗೂ ಸಾಲದು. ಇನ್ನೊಂದು ಸಂಗತಿ ಎಷ್ಟೋ ಸಲ ತಪ್ಪಿಹೋಗುತ್ತದೆ. ಈ ಔಷಧ ಕರುಳಿನ ಮೇಲ್ಭಾಗದಲ್ಲೇ ರಕ್ತಕ್ಕೆ ಸೇರಿಬಿಡುವುದರಿಂದ ದೊಡ್ಡ ಕರುಳಿನೊಳಗೆ ಕೂತ ಅಮೀಬಾದ ಗಟ್ಟಿ ಕವಚದ ರೂಪವಾದ ಸಿಸ್ಟ್‌ಗಳು ಉಳಿದುಕೊಳ್ಳುತ್ತವೆ. ಅದಕ್ಕೇ ಕೋರ್ಸ್ ಮುಗಿದ ಮೇಲೆ ಕರುಳಿನೊಳಗೇ ಕೆಲಸ ಮಾಡುವ ಡೈಲೊಕ್ಸನೈಡ್ 500 ಮಿ.ಗ್ರಾಂ, ಮೂರು ಸಲ, 10 ದಿನ ಕೊಡುತ್ತಾರೆ. ಅದನ್ನು ಬಿಟ್ಟವರಿಗೆ ಕಾಯಿಲೆ ಮರುಕಳಿಸಬಹುದು, ಅವರಿಂದ ಮನೆಯವರಿಗೂ ಹರಡಬಹುದು.

ಮಾತ್ರೆಯನ್ನು ಊಟದ ಜೊತೆ ತೆಗೆದುಕೊಂಡರೆ ವಾಕರಿಕೆ ಕಡಿಮೆ. ಬಾಯಲ್ಲಿ ಲೋಹದ ರುಚಿ, ಮೂತ್ರಕ್ಕೆ ಕಡು ಬಣ್ಣ ಬಂದರೆ ಹೆದರಬೇಕಿಲ್ಲ. ಕೈಕಾಲು ಜೋಮು ಹಿಡಿದರೆ ನಿಲ್ಲಿಸಿ, ವೈದ್ಯರಿಗೆ ತಿಳಿಸಿ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರಿಗೆ ರಕ್ತಸ್ರಾವದ ಅಪಾಯ ಏರುತ್ತದೆ, ಮೊದಲೇ ಹೇಳಿ. ಕೋರ್ಸ್ ನಡೆಯುವಾಗ, ಮುಗಿದ ಮೇಲೂ 3 ದಿನ ಮದ್ಯ ಬೇಡ. ಆಲ್ಕೋಹಾಲ್ ಇರುವ ಕೆಮ್ಮಿನ ಸಿರಪ್ ಕೂಡ.

ಈಗ ನಿಮಗೆ ಬೇಕಿರುವುದು ಓಆರ್‌ಎಸ್. ದೊಡ್ಡ ಪ್ಯಾಕೆಟ್ಟಿನ ಇಡೀ ಪುಡಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ. ಒಂದೇ ಲೋಟಕ್ಕೆ ಸುರಿದರೆ ಉಪ್ಪು, ಸಕ್ಕರೆ ಹೆಚ್ಚಾಗಿ ಭೇದಿ ಜೋರಾಗುತ್ತದೆ. ಕಲಸಿದ್ದು 24 ಗಂಟೆ ಮಾತ್ರ, ಉಳಿದರೆ ಚೆಲ್ಲಿ. ರಕ್ತ, ಜೋರು ಜ್ವರ ಅಥವಾ ಮೂತ್ರ ಕಡಿಮೆಯಾದರೆ ಕಾಯದೆ ಆಸ್ಪತ್ರೆಗೆ ಹೋಗಿ.